ದಾರಿ ಹಳೆಯದು, ಊರು ಹೊಸದು

1889ರ ಮಾರ್ಚ್‌ನಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದ ಸಾಮ್ರಾಜ್ಯ ನ್ಯಾಯಾಲಯ ಒಂದು ಕೆಂಪು ಬಣ್ಣದ ಬಗ್ಗೆ ತೀರ್ಪು ಕೊಡಬೇಕಾಗಿತ್ತು. ಬಣ್ಣದ ಹೆಸರು ಕಾಂಗೊ ರೆಡ್. ಅದನ್ನು ತಯಾರಿಸುವ ವಿಧಾನದ ಪೇಟೆಂಟು ಬರ್ಲಿನ್ನಿನ ಆಗ್ಫಾ ಕಂಪನಿಯ ಬಳಿಯಿತ್ತು. ಎಲ್ಬರ್‌ಫೆಲ್ಡಿನ ಬಾಯರ್ ಕಂಪನಿ ಅದರೊಂದಿಗೆ ಒಪ್ಪಂದ ಮಾಡಿಕೊಂಡು ಲಾಭದಲ್ಲಿ ಪಾಲು ಪಡೆದಿತ್ತು. ಎದುರಾಳಿ ಎವರ್ ಮತ್ತು ಪಿಕ್ ಎಂಬ ಬರ್ಲಿನ್ನಿನ ಕಂಪನಿ. ಅವರ ವಾದ ಸರಳವಾಗಿತ್ತು: ಈ ವಿಧಾನದಲ್ಲಿ ಹೊಸದೇನೂ ಇಲ್ಲ, ಇದು ಯಾವ ರಸಾಯನಜ್ಞನಿಗಾದರೂ ಹೊಳೆಯುತ್ತಿತ್ತು, ಆದ್ದರಿಂದ ಪೇಟೆಂಟು ನಿಲ್ಲಬಾರದು.

ಆ ವಾದ ಹುಸಿಯಾಗಿರಲಿಲ್ಲ. ಬೆಂಜಿಡೀನ್ ಎಂಬ ವಸ್ತುವಿನ ಮೇಲೆ ನೈಟ್ರಸ್ ಆಮ್ಲವನ್ನು ಪ್ರಯೋಗಿಸಿ, ಹುಟ್ಟಿದ್ದನ್ನು ನ್ಯಾಫ್ಥಿಯೋನಿಕ್ ಆಮ್ಲದೊಡನೆ ಜೋಡಿಸಿದರೆ ಕಾಂಗೊ ರೆಡ್ ಬರುತ್ತದೆ. ಈ ಜೋಡಣೆಯ ಮೂಲಸೂತ್ರವನ್ನು ಕಂಡವನು ಪೀಟರ್ ಗ್ರೀಸ್. ಇಂಗ್ಲೆಂಡಿನ ಬರ್ಟನ್ ಊರಿನ ಬಿಯರ್ ಕಾರ್ಖಾನೆಯೊಂದರಲ್ಲಿ ನೌಕರಿ ಮಾಡುತ್ತಲೇ ಜಗತ್ತಿನ ಬಣ್ಣದ ಉದ್ಯಮಕ್ಕೆ ಅಡಿಪಾಯ ಹಾಕಿದ ಜರ್ಮನ್ ರಸಾಯನಜ್ಞ. ಅವನ ಮೊದಲ ಶೋಧ 1858ರದು. 1880ರ ಹೊತ್ತಿಗೆ ಆ ಕ್ರಿಯೆ ವಿದ್ಯಾರ್ಥಿಗಳಿಗೂ ಗೊತ್ತಿತ್ತು. ಒಂದು ಕಡೆ ಒಂದು ಅಮೀನು, ಇನ್ನೊಂದು ಕಡೆ ಜೋಡಿಸಲು ಇನ್ನೊಂದು ವಸ್ತು. ಎರಡನ್ನೂ ಬದಲಿಸುತ್ತ ಹೋದರೆ ಸಾವಿರಾರು ಬಣ್ಣಗಳು. ಹಾಗಿರುವಾಗ ಆ ಸಾವಿರದಲ್ಲಿ ಒಂದನ್ನು ಮಾಡಿದವನು ಏನನ್ನು ಆವಿಷ್ಕರಿಸಿದ?

ಈ ಪ್ರಶ್ನೆ ಇಷ್ಟು ಬಿಗಿಯಾಗಿ ಎದ್ದು ನಿಲ್ಲಲು ಜರ್ಮನಿಯ ಕಾನೂನೇ ಕಾರಣ. 1877ರ ಪೇಟೆಂಟ್ ಕಾನೂನು ರಾಸಾಯನಿಕ ವಸ್ತುವಿಗೆ ಪೇಟೆಂಟ್ ಕೊಡುತ್ತಿರಲಿಲ್ಲ. ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಕೊಡುತ್ತಿತ್ತು. ಹೀಗೆ ಆಗಬೇಕೆಂದು ಕೇಳಿದವರು ಜರ್ಮನ್ ರಸಾಯನಜ್ಞರೇ. ಫ್ರಾನ್ಸಿನಲ್ಲಿ ನಡೆದದ್ದು ಅವರ ಕಣ್ಣ ಮುಂದಿತ್ತು. ಅಲ್ಲಿ ಫ್ಯೂಕ್ಸಿನ್ ಎಂಬ ಬಣ್ಣದ ಪೇಟೆಂಟು ಬಣ್ಣಕ್ಕೇ ಸಿಕ್ಕಿತು. ಬೇರೆ ಮಾರ್ಗದಿಂದ, ಇನ್ನೂ ಅಗ್ಗವಾಗಿ ಅದೇ ಬಣ್ಣ ಮಾಡಬಲ್ಲವರೂ ಕೈಕಟ್ಟಿ ಕೂರಬೇಕಾಯಿತು. ಹಲವರು ಗಡಿ ದಾಟಿ ಸ್ವಿಟ್ಸರ್‌ಲೆಂಡಿಗೆ ಹೋದರು. ಬಾಸೆಲ್ ನಗರದ ಬಣ್ಣದ ಉದ್ಯಮ ಬೆಳೆಯಲು ಅದೂ ಒಂದು ಕಾರಣ. ದಾರಿ ಕಂಡವನಿಗೆ ದಾರಿಯ ಹಕ್ಕು ಸಿಗಲಿ, ಊರನ್ನೇ ಬರೆದುಕೊಡುವುದು ಬೇಡ ಎಂಬುದು ಜರ್ಮನರು ಕಲಿತ ಪಾಠ. ಆದರೆ ಬಣ್ಣದ ರಸಾಯನಶಾಸ್ತ್ರದಲ್ಲಿ ದಾರಿಗಳೆಲ್ಲ ಬೇಗ ಹಳೆಯವಾದವು. ಎಲ್ಲರೂ ಗ್ರೀಸ್ ಹಾಕಿದ ದಾರಿಯಲ್ಲೇ ನಡೆಯುತ್ತಿದ್ದರು, ತಲುಪುವ ಊರು ಮಾತ್ರ ಬೇರೆ ಬೇರೆ. ಕಾನೂನನ್ನು ಅಕ್ಷರಶಃ ಓದಿದರೆ ಅವರಲ್ಲಿ ಯಾರಿಗೂ ಪೇಟೆಂಟ್ ಸಿಗಬಾರದು.

ಕಾಂಗೊ ರೆಡ್ ಕಂಡವನು ಪೌಲ್ ಬಟ್ಟಿಗರ್. ಅವನು ಬಾಯರ್‌ನಲ್ಲಿ ಕೆಲಸಕ್ಕಿದ್ದು, ಅದನ್ನು ಬಿಟ್ಟು, 1884ರ ಫೆಬ್ರವರಿಯಲ್ಲಿ ತನ್ನದೇ ಹೆಸರಿನಲ್ಲಿ ಅರ್ಜಿ ಹಾಕಿ, ಹಕ್ಕನ್ನು ಆಗ್ಫಾಗೆ ಮಾರಿದ. ಶೋಧ ಕೆಲಸ ಬಿಡುವ ಮೊದಲು ಆಯಿತೋ ಆಮೇಲೋ ಎಂಬುದರ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಬಾಯರ್ ಮಾತ್ರ ಕೈಗೆ ಬಂದದ್ದು ಜಾರಿತೆಂದೇ ಭಾವಿಸಿತು. ಅದರ ತರುಣ ರಸಾಯನಜ್ಞ ಕಾರ್ಲ್ ಡ್ಯೂಯಿಸ್‌ಬರ್ಗ್ ಅದೇ ಬಗೆಯ ಬೆಂಜೊಪರ್ಪ್ಯೂರಿನ್ ಎಂಬ ಇನ್ನೊಂದು ಕೆಂಪನ್ನು ಮಾಡಿ ತೋರಿಸಿದ ಮೇಲೆ ಎರಡು ಕಂಪನಿಗಳೂ ಜಗಳ ಬಿಟ್ಟು ಕೈಜೋಡಿಸಿದವು. ಲೈಪ್‌ಜಿಗ್‌ನಲ್ಲಿ ಅವು ಒಂದೇ ಪಕ್ಷದಲ್ಲಿ ನಿಂತದ್ದು ಹೀಗೆ.

ನ್ಯಾಯಾಲಯ ಪೇಟೆಂಟನ್ನು ಎತ್ತಿಹಿಡಿಯಿತು. ಅದು ಹಿಡಿದ ಜಾಡು ರಾಸಾಯನಿಕ ಪೇಟೆಂಟುಗಳ ಚರಿತ್ರೆಯ ದೊಡ್ಡ ತಿರುವು. ವಿಧಾನ ಹಳೆಯದೆಂಬುದನ್ನು ಅದು ಅಲ್ಲಗಳೆಯಲಿಲ್ಲ. ಆ ವಿಧಾನದಿಂದ ಸಿಕ್ಕಿದ ವಸ್ತು ಏನು ಮಾಡುತ್ತದೆ ಎಂದು ಕೇಳಿತು. ಅಲ್ಲಿಯತನಕ ಹೀಗೆ ಜೋಡಿಸಿ ಮಾಡಿದ ಅಜೋ ಬಣ್ಣಗಳು ಉಣ್ಣೆಗೆ, ರೇಷ್ಮೆಗೆ ಹಿಡಿಯುತ್ತಿದ್ದವು. ಹತ್ತಿಗೆ ಹಿಡಿಯಬೇಕಾದರೆ ಬಟ್ಟೆಯನ್ನು ಮೊದಲು ಪಟಿಕದಂಥ ಲವಣದ ನೀರಿನಲ್ಲಿ ಅದ್ದಿ ಹದಮಾಡಬೇಕಿತ್ತು. ಕಾಂಗೊ ರೆಡ್ ಹತ್ತಿಗೆ ನೇರವಾಗಿ ಹಿಡಿಯಿತು. ಅಗ್ಗದ ಬಟ್ಟೆ, ಅಗ್ಗದ ಬಣ್ಣ, ಒಂದೇ ಮುಳುಗು. ಇದನ್ನು ಯಾವ ಪುಸ್ತಕವೂ ಮುಂಚಿತವಾಗಿ ಹೇಳಿರಲಿಲ್ಲ. ಹೊಸ ತಾಂತ್ರಿಕ ಪರಿಣಾಮವೊಂದು ಕಂಡುಬಂದರೆ, ಹಳೆಯ ವಿಧಾನವನ್ನು ಹೋಲುವ ವಿಧಾನಕ್ಕೂ ಪೇಟೆಂಟ್ ಸಲ್ಲುತ್ತದೆ ಎಂದು ತೀರ್ಪಾಯಿತು. ಇಂಥ ಪೇಟೆಂಟುಗಳಿಗೆ ಮುಂದೆ ಸದೃಶ ವಿಧಾನದ ಪೇಟೆಂಟ್ ಎಂಬ ಹೆಸರೇ ಬಂತು. ಎರಡು ವರ್ಷದ ಮೇಲೆ, 1891ರ ತಿದ್ದುಪಡಿಯಲ್ಲಿ, ವಿಧಾನದ ಪೇಟೆಂಟು ಅದರಿಂದ ನೇರವಾಗಿ ಹುಟ್ಟಿದ ವಸ್ತುವಿಗೂ ರಕ್ಷಣೆ ಕೊಡುತ್ತದೆ ಎಂಬ ಮಾತು ಸೇರಿತು.

ಕಾಂಗೊ ರೆಡ್ ಬಣ್ಣವಾಗಿ ಅಂಥ ಗಟ್ಟಿಯದಲ್ಲ; ಆಮ್ಲ ತಗುಲಿದರೆ ನೀಲಿಯಾಗುತ್ತದೆ. ಇಂದು ಅದು ಹೆಚ್ಚಾಗಿ ಉಳಿದಿರುವುದು ರೋಗಪರೀಕ್ಷೆಯ ಪ್ರಯೋಗಾಲಯದಲ್ಲಿ, ಅಂಗಾಂಶದಲ್ಲಿ ಶೇಖರವಾದ ಅಮಿಲಾಯ್ಡ್ ಎಂಬ ಪ್ರೋಟೀನನ್ನು ಗುರುತಿಸಲು. ಅದರ ತೀರ್ಪು ಮಾತ್ರ ಗಟ್ಟಿಯಾಗಿ ನಿಂತಿತು. ಅದರಲ್ಲಿ ಒಂದು ವಿರೋಧಾಭಾಸವಿದೆ, ಅದನ್ನು ಮುಚ್ಚಿಡಬಾರದು. ವಸ್ತುವಿಗೆ ಪೇಟೆಂಟ್ ಇಲ್ಲ ಎಂದ ಕಾನೂನಿನಡಿಯಲ್ಲೇ ವಸ್ತುವಿನ ಗುಣ ನೋಡಿ ವಿಧಾನಕ್ಕೆ ಬೆಲೆ ಕಟ್ಟಲಾಯಿತು. ಮುಂಬಾಗಿಲಲ್ಲಿ ತಡೆದವರನ್ನು ಹಿತ್ತಿಲಿಂದ ಒಳಗೆ ಬಿಟ್ಟಂತೆ ಎಂದು ಟೀಕಿಸಬಹುದು. ನನಗೆ ಅದು ಪ್ರಾಮಾಣಿಕ ಉತ್ತರವಾಗಿಯೇ ಕಾಣುತ್ತದೆ. ರಸಾಯನಶಾಸ್ತ್ರದಲ್ಲಿ ಕಷ್ಟವಿರುವುದು ಬಹುಮಟ್ಟಿಗೆ ಯಾವುದನ್ನು ಯಾವುದಕ್ಕೆ ಜೋಡಿಸಬೇಕೆಂಬ ಆಯ್ಕೆಯಲ್ಲಿ. ಜೋಡಿಸುವ ಕೈಚಳಕದಲ್ಲಿ ಅಲ್ಲ.

ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಬಣ್ಣ ಮತ್ತು ಔಷಧಗಳಿಲ್ಲದೆ ಪರದಾಡಿದ ಬ್ರಿಟನ್ 1919ರಲ್ಲಿ ಜರ್ಮನಿಯ ದಾರಿಯನ್ನೇ ಹಿಡಿಯಿತು. ರಾಸಾಯನಿಕ ವಿಧಾನದಿಂದ ತಯಾರಾದ ವಸ್ತುವಿಗೆ ತನ್ನಷ್ಟಕ್ಕೆ ಪೇಟೆಂಟ್ ಇಲ್ಲ. ವಿವರಿಸಿದ ವಿಶೇಷ ವಿಧಾನದಿಂದ ಮಾಡಿದಾಗ ಮಾತ್ರ ಉಂಟು ಎಂದು ಕಾನೂನು ತಿದ್ದಿತು. ಆ ತಿದ್ದುಪಡಿಯ ನೆರಳಲ್ಲೇ 1928ರಲ್ಲಿ ಅಮೆರಿಕದ ಶಾರ್ಪ್ ಅಂಡ್ ಡೋಮ್ ಕಂಪನಿ ಇಂಗ್ಲೆಂಡಿನ ಬೂಟ್ಸ್ ಕಂಪನಿಯ ಮೇಲೆ ಹೂಡಿದ ದಾವೆ ಲಂಡನ್ನಿನ ಮೇಲ್ಮನವಿ ನ್ಯಾಯಾಲಯಕ್ಕೆ ಬಂತು.

ವಿವಾದದ ವಸ್ತು ಹೆಕ್ಸೈಲ್‌ರೆಸಾರ್ಸಿನಾಲ್. ಗಂಟಲುನೋವಿಗೆ ಚೀಪುವ ಕೆಲವು ಮಾತ್ರೆಗಳಲ್ಲಿ ಇಂದಿಗೂ ಇರುವ ಕ್ರಿಮಿನಾಶಕ. ಅದನ್ನು ಮಾಡಲು ಎರಡು ಹಂತ: ರೆಸಾರ್ಸಿನಾಲನ್ನು ಕೊಬ್ಬಿನ ಆಮ್ಲವೊಂದರ ಜೊತೆ ಸತುವಿನ ಕ್ಲೋರೈಡ್ ಹಾಕಿ ಕೂಡಿಸುವುದು, ಆಮೇಲೆ ಪಾದರಸ ಸವರಿದ ಸತು ಮತ್ತು ಹೈಡ್ರೋಕ್ಲೋರಿಕ್ ಆಮ್ಲದಿಂದ ಅಪಕರ್ಷಿಸುವುದು. ಎರಡನೆಯದು ಕ್ಲೆಮೆನ್ಸನ್ ಎಂಬ ಡೇನಿಷ್ ಮೂಲದ ರಸಾಯನಜ್ಞ 1913ರಲ್ಲಿ ಪ್ರಕಟಿಸಿದ ಕ್ರಮ. ಅಷ್ಟೇ ಆಗಿದ್ದರೆ ಲೈಪ್‌ಜಿಗ್ ನ್ಯಾಯ ಇಲ್ಲಿಗೂ ಒದಗುತ್ತಿತ್ತೇನೋ. ಆದರೆ 1921ರಲ್ಲಿ ಯೇಲ್ ವಿಶ್ವವಿದ್ಯಾಲಯದ ಜಾನ್ಸನ್ ಮತ್ತು ಲೇನ್ ಇದೇ ಕುಟುಂಬದ ಸಣ್ಣ ಸದಸ್ಯರನ್ನು ಮಾಡಿ, ಇಂಗಾಲದ ಸರಪಳಿ ಉದ್ದವಾದಂತೆ ಕ್ರಿಮಿ ಕೊಲ್ಲುವ ಶಕ್ತಿ ಹೆಚ್ಚುತ್ತದೆಂದು ಬರೆದಿದ್ದರು. ಪೇಟೆಂಟಿನವರು ಸರಪಳಿಯನ್ನು ಇನ್ನಷ್ಟು ಉದ್ದ ಮಾಡಿದ್ದರು.

ಈ ಮೊಕದ್ದಮೆಯಲ್ಲಿದ್ದ ವಕೀಲರಲ್ಲಿ ಒಬ್ಬರು ಸ್ಟಾಫರ್ಡ್ ಕ್ರಿಪ್ಸ್. ಹೌದು, 1942ರ ಮಾರ್ಚ್‌ನಲ್ಲಿ ಬ್ರಿಟಿಷ್ ಸರ್ಕಾರದ ಪ್ರಸ್ತಾಪ ಹೊತ್ತು ದೆಹಲಿಗೆ ಬಂದು ಬರಿಗೈಯಲ್ಲಿ ಹಿಂತಿರುಗಿದ ಅದೇ ಕ್ರಿಪ್ಸ್. ನಮ್ಮ ಚರಿತ್ರೆಯ ಪುಸ್ತಕಗಳು ಅವರನ್ನು ಆ ಕೆಲವು ವಾರಗಳಿಂದಷ್ಟೇ ಬಲ್ಲವು. ಅವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವರು, ಯುದ್ಧಕಾಲದಲ್ಲಿ ಸ್ಫೋಟಕಗಳ ಕಾರ್ಖಾನೆಯ ಉಸ್ತುವಾರಿಯಲ್ಲಿದ್ದವರು, ಆಮೇಲೆ ಪೇಟೆಂಟ್ ವಕಾಲತ್ತಿನಲ್ಲಿ ಹೆಸರು ಮಾಡಿದವರು. ರಸಾಯನ ಗೊತ್ತಿದ್ದ ಆ ವಕೀಲರು ವಿವಾದದ ತಿರುಳನ್ನು ಒಂದೇ ಪ್ರಶ್ನೆಯಲ್ಲಿ ಹಿಡಿದರು. ಪೇಟೆಂಟಿನ ದಿನದಂದು ಪ್ರಕಟವಾಗಿದ್ದ ಸಾಹಿತ್ಯವನ್ನೂ ತನ್ನ ಸಾಮಾನ್ಯ ತಿಳಿವನ್ನೂ ಕೈಯಲ್ಲಿಟ್ಟುಕೊಂಡ ಒಬ್ಬ ನುರಿತ ರಸಾಯನಜ್ಞನಿಗೆ, ಈ ಕ್ರಮಗಳನ್ನು ಬಳಸಿ ಈ ಉದ್ದ ಸರಪಳಿಯ ವಸ್ತುಗಳನ್ನು ಮಾಡಿದರೆ ಬೆಲೆಬಾಳುವ ಔಷಧ ಸಿಗುತ್ತದೆಂಬುದು ವ್ಯವಹಾರದ ದೃಷ್ಟಿಯಿಂದ ಸಹಜವಾಗಿ ಹೊಳೆಯುತ್ತಿತ್ತೇ?

ನ್ಯಾಯಾಲಯ ಈ ಪ್ರಶ್ನೆಯನ್ನು ತನ್ನದಾಗಿ ಸ್ವೀಕರಿಸಿ, ಹೊಳೆಯುತ್ತಿತ್ತು ಎಂದು ಉತ್ತರಿಸಿತು. ಪೇಟೆಂಟು ಬಿದ್ದುಹೋಯಿತು. ಇಂಗ್ಲಿಷ್ ಕಾನೂನಿನಲ್ಲಿ ಅದು ಕ್ರಿಪ್ಸ್ ಪ್ರಶ್ನೆ ಎಂದೇ ಉಳಿಯಿತು.

ಪ್ರಶ್ನೆಯ ಒಳರಚನೆ ಗಮನಿಸಬೇಕು. ಈ ಎರಡನ್ನು ಬೆರೆಸಬಹುದೇ ಎಂದು ಅದು ಕೇಳುವುದಿಲ್ಲ. ಯಾರು ಬೇಕಾದರೂ ಏನನ್ನು ಬೇಕಾದರೂ ಬೆರೆಸಬಹುದು. ಬೆರೆಸಿದರೆ ಉಪಯುಕ್ತವಾದದ್ದು ಸಿಗುತ್ತದೆಂದು ಅವನು ನಿರೀಕ್ಷಿಸುತ್ತಿದ್ದನೇ ಎಂದು ಕೇಳುತ್ತದೆ. ದಾರಿ ಮತ್ತು ಊರು ಎರಡನ್ನೂ ಒಂದೇ ನೋಟದಲ್ಲಿ ನೋಡಿದ ಪ್ರಶ್ನೆ ಅದು. ಇನ್ನೊಂದು ಮಾತು: ಅದು ದಿನಾಂಕವನ್ನು ಬಿಗಿಯಾಗಿ ಕಟ್ಟುತ್ತದೆ. ಉತ್ತರ ಗೊತ್ತಾದ ಮೇಲೆ ಎಲ್ಲ ಲೆಕ್ಕವೂ ಸುಲಭ. ನ್ಯಾಯಾಧೀಶರ ಮುಂದೆ ಪೇಟೆಂಟ್ ಬರುವಷ್ಟರಲ್ಲಿ ವರ್ಷಗಳು ಕಳೆದಿರುತ್ತವೆ, ವಸ್ತು ಅಂಗಡಿಯಲ್ಲಿರುತ್ತದೆ, ಅದರ ಗುಣ ಲೋಕಕ್ಕೆಲ್ಲ ಗೊತ್ತಿರುತ್ತದೆ. ಆ ತಿಳಿವನ್ನು ಪಕ್ಕಕ್ಕಿಟ್ಟು ಹಳೆಯ ದಿನಕ್ಕೆ ಹೋಗಿ ನಿಲ್ಲುವುದು ರಸಾಯನಶಾಸ್ತ್ರಕ್ಕಿಂತ ಕಠಿಣವಾದ ಶಿಸ್ತು.

ಆ ಶಿಸ್ತಿಗೆ ಮುಂಬಯಿಯಲ್ಲಿ ಪರೀಕ್ಷೆ ಬಂತು.

ಫ್ರಾನ್ಸಿನ ಮಾಂಪೆಲಿಯೇ ನಗರದಲ್ಲಿ 1942ರಲ್ಲಿ ಟೈಫಾಯ್ಡ್ ರೋಗಿಗಳಿಗೆ ಹೊಸ ಸಲ್ಫಾ ಔಷಧವೊಂದನ್ನು ಕೊಡುತ್ತಿದ್ದ ಮಾರ್ಸೆಲ್ ಜಾನ್‌ಬಾನ್, ಕೆಲವರಿಗೆ ಸೆಳವು ಬರುವುದನ್ನೂ ಅವರ ರಕ್ತದ ಸಕ್ಕರೆ ಕುಸಿಯುವುದನ್ನೂ ಕಂಡರು. ಅವರ ಸಹೋದ್ಯೋಗಿ ಒಗುಸ್ಟ್ ಲುಬಾತಿಯೇರ್ ನಾಯಿಗಳ ಮೇಲೆ ಪ್ರಯೋಗ ಮಾಡಿ, ಔಷಧ ಕೆಲಸ ಮಾಡುವುದು ಮೇದೋಜೀರಕ ಗ್ರಂಥಿಯ ಮೂಲಕ ಎಂದು ತೋರಿಸಿದರು. ಯುದ್ಧದ ಗದ್ದಲದಲ್ಲಿ ಅದು ಹೆಚ್ಚು ಜನರನ್ನು ತಲುಪಲಿಲ್ಲ. ಹತ್ತು ಹನ್ನೆರಡು ವರ್ಷದ ಮೇಲೆ ಬರ್ಲಿನ್ನಿನಲ್ಲಿ ಫ್ರಾಂಕೆ ಮತ್ತು ಫುಕ್ಸ್ ಎಂಬ ವೈದ್ಯರು ಕಾರ್ಬ್ಯುಟಮೈಡ್ ಎಂಬ ಇನ್ನೊಂದು ಸಲ್ಫಾದಲ್ಲಿ ಇದೇ ಗುಣ ಕಂಡರು. ಆ ಅಣುವಿನಲ್ಲಿ ಅಮೈನೊ ಗುಂಪಿದ್ದ ಜಾಗದಲ್ಲಿ ಮೀಥೈಲ್ ಗುಂಪು ಇದ್ದರೆ ಅದು ಜರ್ಮನಿಯ ಹೋಕ್ಸ್ಟ್ ಎಂಬ ಕಂಪನಿಯ ಟಾಲ್‌ಬ್ಯುಟಮೈಡ್. ಅದಕ್ಕೆ ಬ್ಯಾಕ್ಟೀರಿಯಾ ತಡೆಯುವ ಶಕ್ತಿಯಿಲ್ಲ, ಸಕ್ಕರೆ ಇಳಿಸುವ ಶಕ್ತಿ ಉಂಟು. 1956ರಲ್ಲಿ ಅದು ಜರ್ಮನಿಯ ಮಾರುಕಟ್ಟೆಗೆ ಬಂತು. ಇನ್ಸುಲಿನ್ ಚುಚ್ಚಿಸಿಕೊಳ್ಳುವುದೊಂದೇ ಗತಿಯೆಂದುಕೊಂಡಿದ್ದ ಎಷ್ಟೋ ಮಧುಮೇಹಿಗಳಿಗೆ ಮಾತ್ರೆ ನುಂಗಿದರೆ ಸಾಕಾಯಿತು. ಹೀಗೆ ಸಾಲಾಗಿ ಬರೆದಾಗ ಒಂದರ ಹಿಂದೆ ಇನ್ನೊಂದು ತಾನಾಗಿ ಬಂದಂತೆ ಕಾಣುತ್ತದೆ. ಸಾಲಾಗಿ ಬರೆಯುವುದೇ ಹಿನ್ನೋಟದ ಮೋಸ. ನಡುವೆ ಎಲ್ಲೂ ತಲುಪದೆ ಹೋದ ಅಣುಗಳ ರಾಶಿ ಕತೆಯಲ್ಲಿ ಕಾಣುವುದಿಲ್ಲ.

ಮುಂಬಯಿಯ ಯೂನಿಕೆಮ್ ಲ್ಯಾಬೊರೇಟರೀಸ್ ಟಾಲ್‌ಬ್ಯುಟಮೈಡ್ ತಯಾರಿಸಲು ತೊಡಗಿತು. ಅದು ಬಳಸಿದ್ದು ಪರೇಲಿನ ಹಾಫ್‌ಕಿನ್ ಸಂಸ್ಥೆಯಲ್ಲಿ ರೂಪಿಸಿದ ಕ್ರಮ. ಪ್ಲೇಗಿನ ಲಸಿಕೆಗೆ ಹೆಸರಾಗಿದ್ದ ಆ ಸರ್ಕಾರಿ ಸಂಸ್ಥೆ ಸ್ವಾತಂತ್ರ್ಯಾನಂತರ ಔಷಧ ತಯಾರಿಕೆಯ ಸಂಶೋಧನೆಗೂ ಇಳಿದಿತ್ತು. ಹೋಕ್ಸ್ಟ್ ದಾವೆ ಹೂಡಿತು. ಅದರ ಭಾರತೀಯ ಪೇಟೆಂಟು 1911ರ ಕಾನೂನಿನಡಿ ಸಿಕ್ಕಿದ್ದು. ಒಂದೆರಡಲ್ಲ, ಟಾಲ್‌ಬ್ಯುಟಮೈಡ್ ಸೇರಿದ ಸಲ್ಫೊನೈಲ್ ಯೂರಿಯಾಗಳ ಒಂದು ದೊಡ್ಡ ಕುಟುಂಬವನ್ನೇ ಹಲವು ಮಾರ್ಗಗಳಿಂದ ತಯಾರಿಸುವ ಹಕ್ಕನ್ನು ಅದು ಕೇಳಿಕೊಂಡಿತ್ತು. ಆ ಮಾರ್ಗಗಳು ಇಂಥ ವಸ್ತುಗಳನ್ನು ಮಾಡುವ ರಸಾಯನಜ್ಞರಿಗೆ ಪರಿಚಿತವಾದವೇ. ಲೈಪ್‌ಜಿಗ್‌ನ ಪ್ರಶ್ನೆ ಎಂಬತ್ತು ವರ್ಷದ ಮೇಲೆ ಅರಬ್ಬೀ ಸಮುದ್ರದ ದಡಕ್ಕೆ ಬಂದಿತ್ತು.

ನ್ಯಾಯಮೂರ್ತಿ ವಿಮಾದಲಾಲ್ ಅವರು ಇಂಗ್ಲಿಷ್ ಕಾನೂನಿನ ದೊಡ್ಡ ಸಂಕಲನವಾದ ಹಾಲ್ಸ್‌ಬರಿಯಿಂದ ಕ್ರಿಪ್ಸ್ ಪ್ರಶ್ನೆಯ ರೂಪವೊಂದನ್ನು ಎತ್ತಿಕೊಂಡರು. ರಸಾಯನಜ್ಞ ಹೋಗಿ, ಆಯಾ ಕ್ಷೇತ್ರದ ನುರಿತ ಕೆಲಸಗಾರ ಅದರಲ್ಲಿ ಬಂದಿದ್ದ. 1969ರ ಕಾನೂನು ವರದಿಗಳಲ್ಲಿ ಅಚ್ಚಾದ ಆ ತೀರ್ಪು ಹೋಕ್ಸ್ಟ್ ಕಂಪನಿಯ ಪರವಾಗಿತ್ತು. ಲಂಡನ್ನಿನಲ್ಲಿ ಬಿದ್ದ ಪೇಟೆಂಟು, ಮುಂಬಯಿಯಲ್ಲಿ ನಿಂತ ಪೇಟೆಂಟು: ಪ್ರಶ್ನೆ ಒಂದೇ. ಎರಡಕ್ಕೂ ನಡುವಿನ ಅಂತರ ನನಗೆ ಕಾಣುವುದು ಹೀಗೆ. ಹೆಕ್ಸೈಲ್‌ರೆಸಾರ್ಸಿನಾಲಿನ ಕಡೆಗೆ ಕೈತೋರಿಸುವ ಲೇಖನ ಮೊದಲೇ ಅಚ್ಚಾಗಿತ್ತು. ಟಾಲ್‌ಬ್ಯುಟಮೈಡಿನ ಕಡೆಗೆ ಅಷ್ಟು ಸ್ಪಷ್ಟವಾದ ಕೈಕಂಬ ಇರಲಿಲ್ಲ. ಕಾನೂನಿನ ತರ್ಕವಾಗಿ ತೀರ್ಪು ಸರಿಯೆಂದೇ ನನ್ನ ಎಣಿಕೆ.

ಆದರೆ ದೇಶಕ್ಕೆ ಅದು ಬೇರೆಯೇ ಆಗಿ ಕಂಡಿತು, ಹಾಗೆ ಕಂಡದ್ದೂ ಸರಿಯೇ. ಸರ್ಕಾರಿ ಸಂಸ್ಥೆಯ ವಿಜ್ಞಾನಿಗಳು ತಾವೇ ಕ್ರಮ ರೂಪಿಸಿದರೂ, ಎಲ್ಲ ಮಾರ್ಗಗಳಿಗೂ ಬೇಲಿ ಹಾಕಿದ ಒಂದು ಪೇಟೆಂಟು ಅವರನ್ನು ತಡೆಯಬಲ್ಲದು. ಭಾರತದಲ್ಲಿ ಔಷಧಗಳ ಬೆಲೆ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದೆಂದು ಅಮೆರಿಕದ ಸೆನೆಟರ್ ಕೆಫಾವರ್ ಅವರ ಸಮಿತಿ ಹೇಳಿದ್ದೂ ಆ ಕಾಲದಲ್ಲೇ. ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ 1959ರಲ್ಲಿ ಕೊಟ್ಟ ವರದಿ ಈ ಕಾಯಿಲೆಯ ಬೇರನ್ನು ಆಗಲೇ ಬಿಡಿಸಿ ತೋರಿಸಿತ್ತು: ಭಾರತದ ಪೇಟೆಂಟುಗಳಲ್ಲಿ ಬಹುಪಾಲು ವಿದೇಶಿಯರವು, ಅವುಗಳಲ್ಲಿ ಬಹುಪಾಲು ಇಲ್ಲಿ ಬಳಕೆಗೇ ಬಂದಿಲ್ಲ. ಅಯ್ಯಂಗಾರ್ ಜರ್ಮನಿಯ ಅನುಭವವನ್ನು ಕೂಲಂಕಷವಾಗಿ ಓದಿ, ಆಹಾರ ಮತ್ತು ಔಷಧಗಳಿಗೆ ವಿಧಾನದ ಪೇಟೆಂಟ್ ಮಾತ್ರ ಸಾಕೆಂದು ಸಲಹೆ ಮಾಡಿದರು. 1970ರಲ್ಲಿ ಸಂಸತ್ತು ಒಪ್ಪಿದ ಪೇಟೆಂಟ್ ಕಾಯಿದೆ 1972ರ ಏಪ್ರಿಲ್ 20ರಿಂದ ಜಾರಿಗೆ ಬಂತು. ಔಷಧದ ವಿಧಾನಕ್ಕೆ ಪೇಟೆಂಟಿನ ಆಯುಸ್ಸು ಮಂಜೂರಾದ ದಿನದಿಂದ 5 ವರ್ಷ ಅಥವಾ ಪೇಟೆಂಟಿನ ದಿನಾಂಕದಿಂದ 7 ವರ್ಷ, ಯಾವುದು ಕಡಿಮೆಯೋ ಅದು. ಹಿಂದಿನ ಕಾನೂನಿನಲ್ಲಿ ಅದು 16 ವರ್ಷವಿತ್ತು.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಕತೆ. ಬೇರೆ ದಾರಿಯಿಂದ ಅದೇ ಊರು ಸೇರುವ ಕಲೆಯಲ್ಲಿ ಭಾರತದ ರಸಾಯನಜ್ಞರು ಪಳಗಿದರು. ಪುಣೆಯ ಮತ್ತು ಹೈದರಾಬಾದಿನ ಪ್ರಯೋಗಾಲಯಗಳಲ್ಲಿ ರೂಪುಗೊಂಡ ವಿಧಾನಗಳು ಕಾರ್ಖಾನೆಗಳಿಗೆ ಹೋದವು. ಇದರ ಶ್ರೇಯಸ್ಸೆಲ್ಲ ಕಾಯಿದೆಯದೇ ಎನ್ನುವವರಿದ್ದಾರೆ. ಸರ್ಕಾರಿ ಔಷಧ ಕಾರ್ಖಾನೆಗಳು, ಬೆಲೆ ನಿಯಂತ್ರಣ, ವಿದೇಶಿ ಬಂಡವಾಳದ ಮೇಲಿನ ನಿರ್ಬಂಧ ಇವೂ ಅಷ್ಟೇ ಮುಖ್ಯ ಎನ್ನುವವರೂ ಇದ್ದಾರೆ. ಎರಡನೆಯವರ ವಾದವೇ ನನಗೆ ಹೆಚ್ಚು ಒಪ್ಪಿಗೆ. ಪೇಟೆಂಟ್ ಕಾಯಿದೆ ಬಾಗಿಲು ತೆರೆದೀತು, ಒಳಗೆ ಕೆಲಸ ಮಾಡುವ ಕೈಗಳನ್ನು ಅದು ಸೃಷ್ಟಿಸಲಾರದು.

ಮುಂಬಯಿಗೆ ಬಂದ ಕ್ರಿಪ್ಸ್ ಪ್ರಶ್ನೆ ಅಲ್ಲಿಗೇ ನಿಲ್ಲಲಿಲ್ಲ. 1978ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಮಿರ್ಜಾಪುರದ ಪಾತ್ರೆ ತಯಾರಕರ ಜಗಳವಿತ್ತು. ಲೇತಿನಲ್ಲಿ ಪಾತ್ರೆಯನ್ನು ಹಿಡಿದು ತಿರುಗಿಸುವ ಸಾಧನದ ಪೇಟೆಂಟ್ ಅದು. ತೀರ್ಪು ಬರೆದ ನ್ಯಾಯಮೂರ್ತಿ ಸರ್ಕಾರಿಯಾ ವಿಮಾದಲಾಲರ ತೀರ್ಪಿನಿಂದ ಆ ಪ್ರಶ್ನೆಯನ್ನು ತೆಗೆದುಕೊಂಡು, ಪೇಟೆಂಟನ್ನು ರದ್ದುಮಾಡಿದರು. ಗಂಟಲಿನ ಔಷಧದಲ್ಲಿ ಹುಟ್ಟಿ, ಸಕ್ಕರೆ ಕಾಯಿಲೆಯ ಮಾತ್ರೆಯ ಮೂಲಕ ಹಾದು, ಪಾತ್ರೆಯ ಲೇತಿಗೆ ಬಂದ ಪ್ರಶ್ನೆ ಅಂದಿನಿಂದ ಇಡೀ ದೇಶಕ್ಕೆ ಅಳತೆಗೋಲಾಯಿತು. ಆವಿಷ್ಕಾರದ ಹೆಜ್ಜೆಯ ಬಗ್ಗೆ ವಾದಿಸುವ ಭಾರತದ ವಕೀಲರು ಇಂದಿಗೂ ಮೊದಲು ತೆರೆಯುವುದು ಬಿಶ್ವನಾಥ ಪ್ರಸಾದ್ ಹೆಸರಿನ ಆ ತೀರ್ಪನ್ನು.

ಅಮೆರಿಕ ಇದೇ ಪ್ರಶ್ನೆಯನ್ನು ತಡವಾಗಿ, ತನ್ನದೇ ರೀತಿಯಲ್ಲಿ ಎದುರಿಸಿತು. 1985ರ ಡರ್ಡನ್ ಪ್ರಕರಣದಲ್ಲಿ ಅಲ್ಲಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ, ಆರಂಭದ ವಸ್ತುವೂ ಕೊನೆಯ ವಸ್ತುವೂ ಹೊಸದಾಗಿದ್ದರೂ ನಡುವಿನ ಕ್ರಿಯೆ ಸಹಜವಾದದ್ದಾಗಿರಬಹುದು ಎಂದಿತು. ಪೇಟೆಂಟ್ ಕಚೇರಿಯ ಪರೀಕ್ಷಕರು ಆ ಒಂದು ಮಾತನ್ನು ಸೂತ್ರದಂತೆ ಎಲ್ಲಕ್ಕೂ ಅಂಟಿಸತೊಡಗಿದರು. ಜೈವಿಕ ತಂತ್ರಜ್ಞಾನದ ಕಂಪನಿಗಳು ಕಂಗಾಲಾದವು: ಜೀವಕೋಶದಲ್ಲಿ ಪ್ರೋಟೀನ್ ಬೆಳೆಸುವ ಕ್ರಮ ಹಳೆಯದೆಂಬ ಕಾರಣಕ್ಕೆ ವಿಧಾನದ ಪೇಟೆಂಟ್ ಸಿಗದಿದ್ದರೆ, ಅದೇ ಪ್ರೋಟೀನನ್ನು ಹೊರದೇಶದಲ್ಲಿ ಮಾಡಿ ತರುವವರನ್ನು ತಡೆಯುವುದು ಹೇಗೆ? ಅವುಗಳ ಒತ್ತಾಯಕ್ಕೆ 1995ರ ನವೆಂಬರಿನಲ್ಲಿ ವಿಶೇಷ ಕಾನೂನೇ ಬಂತು. ಮರು ತಿಂಗಳೇ ಅದೇ ನ್ಯಾಯಾಲಯ ಜಪಾನಿನ ಟಕೇಡಾ ಕಂಪನಿಯ ಒಚಿಯಾಯ್ ಮತ್ತು ಸಂಗಡಿಗರ ಪ್ರಕರಣದಲ್ಲಿ ತನ್ನ ಮಾತನ್ನು ನೇರಗೊಳಿಸಿತು. ಸೆಫಲೊಸ್ಪೊರಿನ್ ಬಗೆಯ ಪ್ರತಿಜೈವಿಕವನ್ನು ಮಾಡಲು ಒಂದು ಅಮೀನಿಗೆ ಒಂದು ಆಮ್ಲ ಕೂಡಿಸಬೇಕಿತ್ತು; ಕೂಡಿಸುವ ಕ್ರಿಯೆ ಹಳೆಯದು, ಆಮ್ಲ ಮಾತ್ರ ಹಿಂದೆ ಯಾರೂ ಕಾಣದ್ದು. ಇಲ್ಲದ ಆಮ್ಲವನ್ನು ಬಳಸುವ ಯೋಚನೆ ಯಾರಿಗೆ ತಾನೇ ಹೊಳೆದೀತು ಎಂದು ನ್ಯಾಯಾಲಯ ಕೇಳಿತು. ಯಾವ ಸಿದ್ಧಸೂತ್ರವೂ ಸಲ್ಲದು, ಪ್ರತಿ ಪ್ರಕರಣವನ್ನೂ ಅದರ ಸಂಗತಿಗಳ ಮೇಲೆಯೇ ಅಳೆಯಬೇಕು ಎಂದಿತು. ವಿಶೇಷ ಕಾನೂನಿಗೆ ಆಮೇಲೆ ಕೆಲಸವೇ ಉಳಿಯಲಿಲ್ಲ. 2011ರ ಸುಧಾರಣೆಯಲ್ಲಿ ಅದನ್ನು ತೆಗೆದುಹಾಕಲಾಯಿತು.

ಭಾರತದಲ್ಲಿ 2005ರಿಂದ ಔಷಧದ ವಸ್ತುವಿಗೂ ಪೇಟೆಂಟ್ ಮರಳಿ ಬಂದಿದೆ. ಹಾಗಾಗಿ ವಿಧಾನದ ಪೇಟೆಂಟುಗಳು ಹಿಂದೆ ಸರಿದವೆಂದು ಭಾವಿಸಬಾರದು. ವಸ್ತುವಿನ ಪೇಟೆಂಟ್ ಮುಗಿದ ಮೇಲೂ ಅದನ್ನು ಮಾಡುವ ಸುಧಾರಿತ ವಿಧಾನದ ಪೇಟೆಂಟು ಬದುಕಿರಬಹುದು. ಅಗ್ಗದ ಮಾತ್ರೆ ಅಂಗಡಿಗೆ ಬರುವ ದಿನವನ್ನು ಅದು ಮುಂದೂಡಬಲ್ಲದು. ದ್ರಾವಕ ಬದಲಿಸಿದ್ದು, ಉಷ್ಣತೆ ಹತ್ತು ಡಿಗ್ರಿ ಇಳಿಸಿದ್ದು, ಎರಡು ಹಂತವನ್ನು ಒಂದೇ ಪಾತ್ರೆಯಲ್ಲಿ ಮುಗಿಸಿದ್ದು: ಇವುಗಳಲ್ಲಿ ಯಾವುದು ನುರಿತವನ ದಿನನಿತ್ಯದ ಹದ ಹುಡುಕುವ ಕೆಲಸ, ಯಾವುದು ನಿಜವಾದ ಹೆಜ್ಜೆ ಎಂದು ಪರೀಕ್ಷಕರು ತೀರ್ಮಾನಿಸಬೇಕು. ನಮ್ಮ ಕಾಯಿದೆಯ ಈಗಿನ ವ್ಯಾಖ್ಯೆಯಲ್ಲಿ ತಾಂತ್ರಿಕ ಮುನ್ನಡೆಯ ಜೊತೆಗೆ ಪರ್ಯಾಯವಾಗಿ ಆರ್ಥಿಕ ಮಹತ್ವ ಎಂಬ ಮಾತೂ ಸೇರಿದೆ. ಅದು ನನಗೆ ಹಿಡಿಸದು. ಲಾಭ ತಂದದ್ದೆಲ್ಲ ಆವಿಷ್ಕಾರವಲ್ಲ, ಮತ್ತು ಲಾಭ ಕಾಣುವುದು ಯಾವಾಗಲೂ ಆಮೇಲೆ. ಅದೃಷ್ಟಕ್ಕೆ ಅದೇ ವಾಕ್ಯದ ಕೊನೆಯಲ್ಲಿ, ಎರಡರಲ್ಲಿ ಯಾವುದಿದ್ದರೂ ಆ ವಿದ್ಯೆ ಬಲ್ಲವನಿಗೆ ಅದು ಸಹಜವಾಗಿ ಹೊಳೆಯುವಂಥದ್ದಾಗಿರಬಾರದು ಎಂಬ ಷರತ್ತನ್ನು ಸಂಸತ್ತು ಉಳಿಸಿಕೊಂಡಿದೆ.